ಸಾವಿರಕ್ಕೆ ಮೂರು ಕಡಿಮೆ

ಮೂರು ದಿನದಿಂದ ಪುಣೆಯಲ್ಲಿ ಬಿಡದೆ ಮಳೆ. ಹಿಂಜವಡಿಯಿಂದ ಕರ್ವೆನಗರದ ಮನೆ ಸೇರುವಷ್ಟರಲ್ಲಿ ಒಂಬತ್ತೂವರೆ ಆಗಿತ್ತು. ಆದರೂ ಇದನ್ನು ಬರೆಯದೆ ನಿದ್ದೆ ಬರುವುದಿಲ್ಲ.

ನನ್ನ ಕೆಲಸ ಡೀಬಗ್ಗರ್ ಟೆಸ್ಟ್ ಮಾಡುವುದು. ಎಲ್ಲರೂ ತಮ್ಮ ಪ್ರೋಗ್ರಾಮಿನ ತಪ್ಪು ಹುಡುಕಲು ಡೀಬಗ್ಗರ್ ತೆರೆಯುತ್ತಾರೆ. ನಾವು ಡೀಬಗ್ಗರಿನದೇ ತಪ್ಪು ಹುಡುಕುತ್ತೇವೆ. ಸೋಮವಾರ ನಮ್ಮ ಟೀಮಿನ ಹೊಸ ಹುಡುಗ, ವಿಜಯಪುರದವನು, ಖುಷಿಯಿಂದ ಬಂದ. "ಅಕ್ಕಾರ, ಬ್ರೇಕ್‌ಪಾಯಿಂಟ್ ಟೆಸ್ಟ್ ಪಾಸ್ ಆತ್ರೀ." ನೋಡಿದೆ. ಪ್ರೋಗ್ರಾಂ ಇಲ್ಲಿಗೆ ಬಂದಾಗ ನಿಲ್ಲಲಿ ಅಂತ ಡೀಬಗ್ಗರಿನಲ್ಲಿ ಇಡುವ ಗುರುತು ಬ್ರೇಕ್‌ಪಾಯಿಂಟ್; ಒಂದೇ ಪ್ರೋಗ್ರಾಮಿನೊಳಗೆ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು ಥ್ರೆಡ್. ಇಲ್ಲಿ ಒಂದೇ ಥ್ರೆಡ್, ಒಂದೇ ಸಲ ನಿಂತಿದೆ. ಅಷ್ಟಕ್ಕೇ ಪಾಸ್ ಅನ್ನಲು ನನಗೆ ಮನಸ್ಸಾಗಲಿಲ್ಲ.

ಹೀಗೆ ಮಾಡು ಅಂದೆ: ನಾಲ್ಕು ಥ್ರೆಡ್ ಹುಟ್ಟಿಸು. ನಾಲ್ಕೂ ಒಂದೇ ಸಣ್ಣ ಫಂಕ್ಷನ್ನನ್ನು (ಪ್ರೋಗ್ರಾಮಿನ ಒಂದು ತುಂಡನ್ನು) ತಲಾ 250 ಸಲ ಕರೆಯಲಿ. ಫಂಕ್ಷನ್ನಿನ ಮೇಲೆ ಬ್ರೇಕ್‌ಪಾಯಿಂಟ್ ಇಡು, ಆದರೆ ಇಗ್ನೋರ್ ಕೌಂಟ್, ಅಂದರೆ ಎಷ್ಟು ಸಲ ನಿಲ್ಲಿಸದೆ ಬಿಡಬೇಕು ಎಂಬ ಸಂಖ್ಯೆ, ದೊಡ್ಡದಾಗಿ ಕೊಡು. ಆಗ ಪ್ರೋಗ್ರಾಂ ನಮ್ಮ ಮುಂದೆ ನಿಲ್ಲುವುದಿಲ್ಲ, ಅಲ್ಲಿಗೆ ಎಷ್ಟು ಸಲ ಬಂತು ಎಂಬ ಲೆಕ್ಕ ಮಾತ್ರ ಏರುತ್ತಾ ಹೋಗುತ್ತದೆ. ಕೊನೆಗೆ 1000 ಬರಬೇಕು. 999 ಬಂದರೂ ಫೇಲ್.

ಊಟದ ಹೊತ್ತಿಗೆ ಮತ್ತೆ ಬಂದ. "ಸಾವಿರ ಆಗವಲ್ದು ನೋಡ್ರಿ. 997 ಬಂತು." ಇನ್ನೊಮ್ಮೆ ಓಡಿಸಿದರೆ 999. ಮೂರನೇ ಸಲ ಸರಿಯಾಗಿ 1000. ಅದೇ ಪ್ರೋಗ್ರಾಮನ್ನು ಜಿಡಿಬಿ ಎಂಬ ಇನ್ನೊಂದು ಡೀಬಗ್ಗರಿನಲ್ಲಿ ಓಡಿಸಿದೆವು, ಪ್ರತಿ ಸಲವೂ 1000. ಅಂದರೆ ತಪ್ಪು ನಮ್ಮದೇ.

ಎಕ್ಸ್86 ಬಗೆಯ (ಇಂಟೆಲ್, ಎಎಂಡಿ) ಪ್ರೊಸೆಸರಿನಲ್ಲಿ ಬ್ರೇಕ್‌ಪಾಯಿಂಟ್ ಅಂದರೆ ಒಂದು ಬೈಟ್. ಡೀಬಗ್ಗರ್ ಆ ಜಾಗದಲ್ಲಿದ್ದ ಮೊದಲ ಬೈಟನ್ನು ತೆಗೆದಿಟ್ಟುಕೊಂಡು, ಅಲ್ಲಿ ‘ನಿಲ್ಲು’ ಎಂಬ ಅರ್ಥದ ಹೆಕ್ಸ್ ಸಿಸಿ ಬರೆಯುತ್ತದೆ. ಥ್ರೆಡ್ ಬಂದು ಅದನ್ನು ತುಳಿದರೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅದನ್ನು ನಿಲ್ಲಿಸಿ ಡೀಬಗ್ಗರಿಗೆ ಸುದ್ದಿ ಮುಟ್ಟಿಸುತ್ತದೆ. ಮುಂದೆ ಹೋಗಬೇಕಾದರೆ ಹಳೆಯ ಬೈಟನ್ನು ವಾಪಸ್ ಇಟ್ಟು, ಒಂದು ಹೆಜ್ಜೆ ಹಾಕಿಸಿ, ಮತ್ತೆ ಸಿಸಿ ಬರೆಯಬೇಕು. ಆದರೆ ಮೆಮೊರಿ ಎಲ್ಲ ಥ್ರೆಡ್‌ಗಳಿಗೂ ಒಂದೇ ಅಲ್ವಾ? ಹಳೆಯ ಬೈಟ್ ವಾಪಸ್ ಬಂದ ಆ ಒಂದು ಗಳಿಗೆಯಲ್ಲಿ ಬೇರೆ ಥ್ರೆಡ್ ಅಲ್ಲಿಗೆ ಬಂದರೆ ಅದನ್ನು ತಡೆಯುವವರೇ ಇಲ್ಲ. ನಮ್ಮ ಸೊಸೈಟಿಯ ಗೇಟಿನಲ್ಲಿ ದಿನಾ ನೋಡುತ್ತೇನೆ. ವಾಚ್‌ಮನ್ ಕಾಕಾ ಒಂದು ಕಾರಿಗೆ ಕಂಬ ಎತ್ತುತ್ತಾರೆ, ಅದರ ಹಿಂದೆಯೇ ಎರಡು ಸ್ಕೂಟರ್ ನುಗ್ಗುತ್ತವೆ. ರಿಜಿಸ್ಟರಿನಲ್ಲಿ ಕಾರು ಮಾತ್ರ ಇರುತ್ತದೆ.

ಜಿಡಿಬಿ ಇದಕ್ಕೆ ಎರಡು ದಾರಿ ಇಟ್ಟುಕೊಂಡಿದೆ. ಒಂದು, ಆ ಹೆಜ್ಜೆ ಮುಗಿಯುವವರೆಗೆ ಉಳಿದ ಎಲ್ಲ ಥ್ರೆಡ್‌ಗಳನ್ನೂ ನಿಲ್ಲಿಸಿಡುವುದು. ಇನ್ನೊಂದು, ಸಿಸಿಯನ್ನು ಮುಟ್ಟದೆ, ಮೂಲ ಇನ್‌ಸ್ಟ್ರಕ್ಷನ್ನಿನ (ಪ್ರೊಸೆಸರಿಗೆ ಕೊಟ್ಟ ಒಂದು ಆಜ್ಞೆಯ) ನಕಲನ್ನು ಬೇರೆ ಜಾಗದಲ್ಲಿಟ್ಟು ಅಲ್ಲೇ ಓಡಿಸುವುದು. ಎರಡನೆಯದು ಚುರುಕು. ಆದರೆ ಇನ್‌ಸ್ಟ್ರಕ್ಷನ್ ತಾನಿರುವ ಅಡ್ರೆಸ್ ನೋಡಿ ಲೆಕ್ಕ ಹಾಕುವಂಥದ್ದಾದರೆ ನಕಲನ್ನು ತಿದ್ದಬೇಕಾಗುತ್ತದೆ. ನಾವು ಸದ್ಯಕ್ಕೆ ಮೊದಲನೆಯದನ್ನೇ ಹಿಡಿದೆವು. ಸ್ವಲ್ಪ ನಿಧಾನ, ಆದರೆ ಸರಿ. ಮಂಗಳವಾರ ರಾತ್ರಿಯಿಡೀ ಓಡಿಸಿದರೂ 1000 ಬಿಟ್ಟು ಬೇರೆ ಸಂಖ್ಯೆ ಬರಲಿಲ್ಲ.

ಮೂರು ಕಡಿಮೆಯಾದರೆ ಏನಂತೆ ಅಂತ ಮೀಟಿಂಗಿನಲ್ಲಿ ಒಬ್ಬರು ಕೇಳಿದರು. ನನಗೆ ನಿಜಕ್ಕೂ ಸಂಕಟವಾಯಿತು. ಹಿಂದಿನ ಕೆಲಸದಲ್ಲಿ ನಾನೇ ನಾಲ್ಕು ದಿನ ಕಳೆದುಕೊಂಡಿದ್ದೇನೆ. ಬ್ರೇಕ್‌ಪಾಯಿಂಟ್ ನಿಲ್ಲಲಿಲ್ಲ, ಹಾಗಾದರೆ ಈ ಫಂಕ್ಷನ್ನಿಗೆ ಯಾರೂ ಬಂದೇ ಇಲ್ಲ ಅಂದುಕೊಂಡು ಬೇರೆಲ್ಲ ಕಡೆ ಹುಡುಕಿದ್ದೆ. ಬಂದಿದ್ದರು. ಡೀಬಗ್ಗರ್ ಹೇಳಲಿಲ್ಲ, ಅಷ್ಟೇ. ಅದರ ಮಾತು ನಂಬಿ ನಡುರಾತ್ರಿ ಕೂತವರಿಗೆ ಆ ಮೂರೇ ಮುಖ್ಯ.

ಬುಧವಾರದ ಟೆಸ್ಟ್ ಇನ್ನೂ ಸೂಕ್ಷ್ಮ. ಎರಡು ಥ್ರೆಡ್ ಒಟ್ಟಿಗೇ ಸಿಸಿ ತುಳಿಯುತ್ತವೆ. ಡೀಬಗ್ಗರ್ ಒಂದನ್ನು ತೋರಿಸಿ, ಇನ್ನೊಂದರ ಸುದ್ದಿಯನ್ನು ತಡೆದಿಟ್ಟುಕೊಳ್ಳುತ್ತದೆ. ಆಗಲೇ ನಾವು ಬ್ರೇಕ್‌ಪಾಯಿಂಟ್ ಅಳಿಸಿದರೆ? ಸಿಸಿ ತುಳಿದ ಮೇಲೆ ಪ್ರೋಗ್ರಾಂ ಕೌಂಟರ್, ಅಂದರೆ ಮುಂದೆ ಓಡಬೇಕಾದ ಜಾಗದ ಅಡ್ರೆಸ್, ಒಂದು ಬೈಟ್ ಮುಂದೆ ಇರುತ್ತದೆ. ಬ್ರೇಕ್‌ಪಾಯಿಂಟ್ 401136ರಲ್ಲಿದ್ದರೆ ಎರಡನೇ ಥ್ರೆಡ್ 401137ರಲ್ಲಿ, ಅಂದರೆ ಇನ್‌ಸ್ಟ್ರಕ್ಷನ್ನಿನ ಹೊಟ್ಟೆಯೊಳಗೆ, ನಿಂತಿರುತ್ತದೆ. ಅದನ್ನು ಒಂದು ಬೈಟ್ ಹಿಂದೆ ತರದೆ ಬಿಟ್ಟರೆ ಅರ್ಧ ಇನ್‌ಸ್ಟ್ರಕ್ಷನ್ ಓಡಿಸುತ್ತದೆ. ನಮ್ಮದು ಹಾಗೇ ಬಿಟ್ಟಿತ್ತು. ಐದನೇ ಸಲಕ್ಕೆ ಪ್ರೋಗ್ರಾಂ ಸತ್ತು ಬಿತ್ತು. ಹುಡುಗ ಪ್ರೊಸೆಸರಿನ ರಿಜಿಸ್ಟರುಗಳನ್ನು (ಅದರೊಳಗಿನ ಪುಟ್ಟ ಖಾನೆಗಳನ್ನು) ತೆರೆದು, ಕೌಂಟರಿನ ಕೊನೆಯ 7ರ ಮೇಲೆ ಬೆರಳಿಟ್ಟು ತೋರಿಸಿದ. ನಾನು ಹೇಳಿಕೊಡುವ ಮುಂಚೆಯೇ ಅವನಿಗೆ ಸಿಕ್ಕಿತ್ತು.

ಅದೂ ಇವತ್ತು ಸರಿಹೋಯಿತು. ನಾಳೆ ಆರ್ಮ್ 64 ಎಂಬ ಬೇರೆ ಬಗೆಯ ಪ್ರೊಸೆಸರಿನ ಬೋರ್ಡ್. ಅಲ್ಲಿ ಬ್ರೇಕ್‌ಪಾಯಿಂಟ್ ನಾಲ್ಕು ಬೈಟಿನದು, ಕೌಂಟರ್ ಅದರ ಮೇಲೆಯೇ ನಿಲ್ಲುತ್ತದೆ. ಹಿಂದೆ ಸರಿಸಿದರೆ ಅದೇ ತಪ್ಪು. ಇವತ್ತು ಸೇರಿಸಿದ ಸಾಲನ್ನು ಅಲ್ಲಿ ತೆಗೆದು ಸಾವಿರ ಎಣಿಸಬೇಕು.