ಸಂಜೆ ಬಂದವರ ಕೂಲಿ

ನಮ್ಮ ಚರ್ಚಿನ ಸಭೆಯಲ್ಲಿ ವಯಸ್ಸಿಗೊಂದು ಕೂಟವಿದೆ. ಮಕ್ಕಳಿಗೆ ಭಾನುವಾರ ಶಾಲೆ, ಹದಿಹರೆಯದವರಿಗೆ ದೃಢೀಕರಣದ (ತಮ್ಮ ನಂಬಿಕೆಯನ್ನು ತಾವೇ ಸಭೆಯ ಮುಂದೆ ಒಪ್ಪಿ ಹೇಳುವ ವಿಧಿಯ) ತರಗತಿ, ಆಮೇಲೆ ಯುವಜನ ಕೂಟ, ಸ್ತ್ರೀಯರ ಅನ್ಯೋನ್ಯ ಕೂಟ, ಹಿರಿಯರ ಬೈಬಲ್ ಅಧ್ಯಯನ. ನಾನು ಭಾನುವಾರ ಶಾಲೆಯ ಶಿಕ್ಷಕಿ. ಕಂಠಪಾಠದ ವಾಕ್ಯ, ಬಣ್ಣ ಹಚ್ಚುವ ಚಿತ್ರ, ವರ್ಷದ ಕೊನೆಯ ಪರೀಕ್ಷೆ, ಇವುಗಳಿಂದ ಮಕ್ಕಳು ಕಥೆಗಳನ್ನು ಚೆನ್ನಾಗಿಯೇ ಕಲಿಯುತ್ತಾರೆ. ಆದರೆ ಆ ಕಥೆಗಳನ್ನು ಬದುಕಿ ನೋಡಿದವರು ಪಕ್ಕದ ಕೋಣೆಯಲ್ಲಿ ಬೇರೆಯೇ ಕುಳಿತಿರುತ್ತಾರಲ್ಲ ಎಂಬ ಕೊರಗು ನನಗೆ ಬಹಳ ಕಾಲದಿಂದ ಇತ್ತು.

ಕಳೆದ ಮಳೆಗಾಲದ ಒಂದು ಭಾನುವಾರ ಆರಾಧನೆಯ ನಂತರ ಸಭಾಪಾಲಕರು ಎಲ್ಲರನ್ನೂ ಒಟ್ಟಿಗೆ ಕೂರಿಸಿದರು. ಪಾಠ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ. ದ್ರಾಕ್ಷಿತೋಟದ ಯಜಮಾನ ಬೆಳಗಿನಿಂದ ಸಂಜೆಯವರೆಗೆ ಬೇರೆ ಬೇರೆ ಹೊತ್ತಿನಲ್ಲಿ ಆಳುಗಳನ್ನು ಕರೆಯುತ್ತಾನೆ, ಕತ್ತಲಾದಾಗ ಎಲ್ಲರಿಗೂ ಒಂದೇ ದಿನಗೂಲಿ ಕೊಡುತ್ತಾನೆ.

ಓದು ಮುಗಿಯುವ ಮೊದಲೇ ನನ್ನ ತರಗತಿಯ ಹುಡುಗನೊಬ್ಬ ಎದ್ದುನಿಂತ. "ಸಂಜೆ ಬಂದವನಿಗೂ ಅಷ್ಟೇ ಕೊಟ್ಟರೆ ನಾಳೆ ಬೆಳಿಗ್ಗೆ ಯಾರು ಬರುತ್ತಾರೆ ಟೀಚರ್?"

ತರಗತಿಯಲ್ಲಿದ್ದರೆ ದೇವರ ಕೃಪೆಯ ಬಗ್ಗೆ ಎರಡು ಮಾತು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಅಂದು ಉತ್ತರ ಹಿಂದಿನ ಬೆಂಚಿನಿಂದ ಬಂತು. ಜೀವಮಾನವಿಡೀ ಬೀಡಿ ಕಟ್ಟಿದ ಅಜ್ಜಿಯೊಬ್ಬರು ಹೇಳಿದರು: "ನಮಗೆ ಸಾವಿರಕ್ಕೆ ಇಷ್ಟು ಎಂದು ಲೆಕ್ಕ ಮಗ. ಕೈ ಓಡಿದರೆ ದುಡ್ಡು. ಹೆರಿಗೆಯಾದ ತಿಂಗಳು ಕೈ ಓಡುತ್ತಿರಲಿಲ್ಲ, ಜ್ವರ ಬಂದಾಗ ಓಡುತ್ತಿರಲಿಲ್ಲ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಸರಿಯಿಲ್ಲವೆಂದು ತೆಗೆದು ಹಾಕಿದ ಬೀಡಿಗೆ ಕಾಸಿಲ್ಲ. ಆದರೆ ಮನೆಯಲ್ಲಿ ಉಣ್ಣುವವರು ಕಡಿಮೆಯಾಗುತ್ತಿದ್ದರೇನು? ಈ ಯಜಮಾನ ಕೆಲಸ ನೋಡಲಿಲ್ಲ, ಅನ್ನ ನೋಡಿದ."

ಇಪ್ಪತ್ತನೆಯ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ತರಬೇತಿ ಶಿಬಿರದಲ್ಲಿಯೂ ಕೇಳಿಲ್ಲ.

ಅಲ್ಲಿಂದ ಮಾತು ಕೆಲಸದ ಕಡೆಗೇ ತಿರುಗಿತು. ಹಿರಿಯರೊಬ್ಬರು ಏಳನೆಯ ವಚನವನ್ನು ಮತ್ತೊಮ್ಮೆ ಓದಿಸಿದರು. ಸುಮ್ಮನೆ ಏಕೆ ನಿಂತಿದ್ದೀರಿ ಎಂದು ಯಜಮಾನ ಕೇಳಿದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಎನ್ನುತ್ತಾರೆ ಸಂಜೆಯವರೆಗೆ ನಿಂತಿದ್ದ ಆ ಜನ, ಅವರು ಸೋಮಾರಿಗಳಲ್ಲ. ಕ್ರೈಸ್ತರಾದ ಕಾರಣಕ್ಕೆ ಮನೆ, ಜಮೀನು, ಕುಲಕಸುಬು ಕಳೆದುಕೊಂಡ ನಮ್ಮ ಹಿಂದಿನ ತಲೆಮಾರಿನವರ ಪಾಡೂ ಅದೇ ಆಗಿತ್ತೆಂದು ಅವರು ಮಕ್ಕಳಿಗೆ ಹೇಳಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ನೇಯ್ಗೆ ಶಾಲೆ ನಡೆಸಿದ್ದು, 1865ರಲ್ಲಿ ಅದರ ಮಿಷನರಿ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರುಮಾಡಿದ್ದು ಇಂಥವರಿಗೂ ಕೆಲಸ ಬೇಕಿತ್ತೆಂದೇ. ಭಾನುವಾರ ಶಾಲೆಯ ಕಥೆಯೂ ಬೇರೆಯಲ್ಲ ಎಂದು ನಾನು ಸೇರಿಸಿದೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೈಕ್ಸ್ ಓದು ಕಲಿಸಲು ಕೂರಿಸಿದ್ದು ವಾರವಿಡೀ ದುಡಿದು ಭಾನುವಾರ ಮಾತ್ರ ಬಿಡುವಿದ್ದ ಬಡ ಮಕ್ಕಳನ್ನು. ಮಕ್ಕಳು ಕಣ್ಣರಳಿಸಿ ಕೇಳಿದರು. ತಮ್ಮ ಶಾಲೆಗೂ ಕೂಲಿಗೂ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ದೃಢೀಕರಣಕ್ಕೆ ಸಿದ್ಧವಾಗುತ್ತಿದ್ದ ಹುಡುಗಿಯೊಬ್ಬಳು ಇನ್ನೊಂದು ಸಂಗತಿ ಹಿಡಿದಳು. ಬೆಳಿಗ್ಗೆ ಬಂದವರಿಗೆ ಮೊದಲು ಕೂಲಿ ಕೊಟ್ಟಿದ್ದರೆ ಅವರು ಸಂತೋಷವಾಗಿಯೇ ಮನೆಗೆ ಹೋಗುತ್ತಿದ್ದರು. ಕೊನೆಗೆ ಬಂದವರಿಂದ ಶುರುಮಾಡಿ ಎಂದು ಯಜಮಾನ ಹೇಳಿದ್ದು ಉಳಿದವರು ನೋಡಲೆಂದೇ. ಆರಾಧನೆಯಲ್ಲಿ ಹೇಳುವ ಅಪೊಸ್ತಲರ ವಿಶ್ವಾಸ ಪ್ರಮಾಣವನ್ನು ತಡವರಿಸದೆ ಒಪ್ಪಿಸುವ ಹುಡುಗಿ ಅವಳು. ತಾನಾಗಿ ಯೋಚಿಸಿ ಮಾತನಾಡಿದ್ದನ್ನು ಅವಳ ತಾಯಿ ಅಂದೇ ಮೊದಲು ಕೇಳಿದರಂತೆ.

ಹುಡುಗ ಮಾತ್ರ ಒಪ್ಪಲಿಲ್ಲ. ಬೆಳಗಿನವರಿಗೆ ಸ್ವಲ್ಪ ಹೆಚ್ಚು ಕೊಡಬಹುದಿತ್ತು ಎಂಬ ಹಟ ಅವನದು. ಸಭಾಪಾಲಕರು ಅವನನ್ನು ಒಪ್ಪಿಸಲು ಹೋಗಲಿಲ್ಲ. ಮುಂದಿನ ಕೂಟಕ್ಕೆ ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯವನ್ನು, ಬಡ ಕೂಲಿಯವನಿಗೆ ಹೊತ್ತು ಮುಳುಗುವ ಮೊದಲೇ ಕೂಲಿ ಕೊಡಬೇಕೆಂಬ ಭಾಗವನ್ನು, ಓದಿ ವಿವರಿಸುವ ಕೆಲಸವನ್ನು ಅವನಿಗೇ ವಹಿಸಿದರು. ತಯಾರಿಗೆ ನೆರವಾಗಲು ಬೀಡಿಯ ಅಜ್ಜಿ ಒಪ್ಪಿದ್ದಾರೆ.