ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಂಡು ಹಿಂದಿ ಕಲಿಯಬಹುದಾ?

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮೊನ್ನೆ ಮದುವೆ ಮನೆಯಲ್ಲಿ ಕೇಳಿದವರು ನನ್ನ ಅಕ್ಕನ ಸ್ನೇಹಿತೆ. "ನಮ್ಮ ಸೊಸೆ ಇಂಗ್ಲೆಂಡಿನವಳು. ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬರಲ್ಲ. ಮುಂದಿನ ವರ್ಷ ಮೂರು ತಿಂಗಳು ಲಖನೌದಲ್ಲಿ ಕೆಲಸ ಇದೆಯಂತೆ. ಸ್ವಲ್ಪ ಹಿಂದಿ ಕಲಿಸ್ತೀಯಾ? ಲಿಪಿ ಗಿಪಿ ಬೇಡ ಕಣಮ್ಮ, ಇಂಗ್ಲಿಷ್ ಅಕ್ಷರದಲ್ಲೇ ಬರ್ಕೊಂಡು ಮಾತು ಕಲಿತರೆ ಸಾಕಲ್ವಾ?"

ಸಾಲದು. ಅವರಿಗೆ ಊಟದ ಎಲೆ ಮುಂದೆ ಕೂತು ಇಷ್ಟೇ ಹೇಳಲು ಆಯಿತು. ಯಾಕೆ ಸಾಲದು ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

ನಾನು ಮದುವೆಯಾಗಿ ಬನಾರಸಿಗೆ ಬಂದವಳು. ಅಸ್ಸಿ ಘಾಟಿನ ಹತ್ತಿರ ನಮ್ಮ ಮನೆ. ಈ ಕಡೆ ಹಿಂದಿ, ಸಂಗೀತ, ಸಂಸ್ಕೃತ ಕಲಿಯೋಕೆ ಹೊರದೇಶದಿಂದ ಬರುವವರು ಯಾವಾಗಲೂ ಇರುತ್ತಾರೆ. ಅಂಥವರಿಗೆ ಮನೆಯಲ್ಲೇ ಹಿಂದಿ ಪಾಠ ಹೇಳುತ್ತೇನೆ. ಹೆಚ್ಚಿನವರು ಇಂಗ್ಲಿಷ್ ಮನೆಮಾತಿನವರು. ಕನ್ನಡದವಳು ಹಿಂದಿ ಹೇಗೆ ಕಲಿಸ್ತೀಯಾ ಅಂತ ಕೆಲವರು ಕೇಳುತ್ತಾರೆ. ಕನ್ನಡದವಳಾಗಿದ್ದರಿಂದಲೇ ಕಲಿಸುವುದು ಸುಲಭವಾಯಿತು. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಒಂದು ನೋಟ್‌ಬುಕ್ಕಿನ ಕತೆ. ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯ ಹೆಂಗಸು ಬಂದಿದ್ದರು, ನರ್ಸ್ ಕೆಲಸದಿಂದ ನಿವೃತ್ತರಾದವರು. ಎರಡು ತಿಂಗಳು ತಮ್ಮ ಊರಲ್ಲೇ ಇಂಗ್ಲಿಷ್ ಅಕ್ಷರದಲ್ಲಿ ಹಿಂದಿ ಅಭ್ಯಾಸ ಮಾಡಿಕೊಂಡು ಬಂದಿದ್ದರು. ತುಂಬ ಶ್ರದ್ಧೆ. ಮಾತುಗಳನ್ನೆಲ್ಲ ಬಣ್ಣದ ಪೆನ್ನಿನಲ್ಲಿ ಸಾಲಾಗಿ ಬರೆದಿದ್ದರು. ಬಂದ ಮೂರನೇ ದಿನ ಅಸ್ಸಿಯಲ್ಲಿ ಇ-ರಿಕ್ಷಾ ಹಿಡಿದು ಗೋದೌಲಿಯಾ ಕಡೆ ಹೊರಟಿದ್ದಾರೆ. ಡ್ರೈವರ್ "ಸಾಠ್" ಅಂದ. ಇವರ ಪುಸ್ತಕದಲ್ಲಿ ಎಸ್, ಎರಡು ಎ, ಟಿ, ಎಚ್ ಅಂತ ಬರೆದು ಎದುರಿಗೆ "ಜೊತೆಗೆ" ಅಂತ ಅರ್ಥ ಬರೆದಿತ್ತು. ಬೇರೆಯವರ ಜೊತೆಗೆ ಹಂಚಿಕೊಂಡು ಹೋಗುವ ಗಾಡಿ ಅಂದುಕೊಂಡು ತಲೆಯಾಡಿಸಿದರು. ಇಳಿಯುವಾಗ ಹತ್ತು ರೂಪಾಯಿ ಕೊಟ್ಟರು. ಅವನು ಅರವತ್ತು ಕೇಳಿದ. ಇವರಿಗೆ ಮೋಸ ಹೋದೆ ಅಂತ ಸಂಕಟ. ಅವನಿಗೆ, ಒಪ್ಪಿಕೊಂಡು ಕೂತವರು ಈಗ ಇಲ್ಲ ಅಂತಾರಲ್ಲ ಅಂತ ಸಿಟ್ಟು. ಇಬ್ಬರದ್ದೂ ತಪ್ಪಿಲ್ಲ.

ಈ ಮೂರು ಮಾತು ನೋಡಿ: ಸಾತ್, ಸಾಠ್, ಸಾಥ್. ಏಳು, ಅರವತ್ತು, ಜೊತೆ. ಕನ್ನಡ ಅಕ್ಷರದಲ್ಲಿ ಬರೆದರೆ ಮೂರೂ ಬೇರೆ ಅಂತ ನಿಮಗೆ ತಕ್ಷಣ ಕಾಣುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಅರವತ್ತೂ ಜೊತೆಯೂ ಒಂದೇ ಸ್ಪೆಲ್ಲಿಂಗ್. ಕಣ್ಣಿಗೆ ಕಾಣದ ವ್ಯತ್ಯಾಸವನ್ನು ಕಿವಿ ಹುಡುಕುವುದಿಲ್ಲ. ನಾಲಿಗೆಯಂತೂ ಮೊದಲೇ ಹುಡುಕುವುದಿಲ್ಲ. ದಾಲ್ ಅಂದರೆ ಬೇಳೆ, ಡಾಲ್ ಅಂದರೆ ಕೊಂಬೆ. ಖಾನಾ ಅಂದರೆ ಊಟ, ಕಾನಾ ಅಂದರೆ ಒಕ್ಕಣ್ಣ. ಹೀಗೆ ಎಷ್ಟೋ ಇವೆ.

ಇಂಗ್ಲಿಷ್ ಅಕ್ಷರದಲ್ಲಿ ಕಲಿಯುವುದು ಹೊಸ ವಿಷಯವೇನಲ್ಲ. 1800ರಲ್ಲಿ ಕಲ್ಕತ್ತದಲ್ಲಿ ಫೋರ್ಟ್ ವಿಲಿಯಂ ಕಾಲೇಜು ಶುರುವಾದಾಗ ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ಹಿಂದೂಸ್ತಾನಿ (ಹಿಂದಿ-ಉರ್ದು ಎರಡಕ್ಕೂ ಆಗ ಇದ್ದ ಹೆಸರು) ಕಲಿಸುತ್ತಿದ್ದವರು ಜಾನ್ ಗಿಲ್‌ಕ್ರಿಸ್ಟ್. ರೋಮನ್ ಅಕ್ಷರದಲ್ಲಿ, ಅಂದರೆ ಇಂಗ್ಲಿಷ್ ಅಕ್ಷರದಲ್ಲೇ, ಬರೆಯುವ ಕ್ರಮವೊಂದನ್ನು ಅವರೇ ಹುರುಪಿನಿಂದ ಮುಂದಕ್ಕೆ ತಂದಿದ್ದರು. ಬ್ರಿಟಿಷರ ಕಾಲದ ಸೈನ್ಯದಲ್ಲೂ ರೋಮನ್ ಅಕ್ಷರದ ಉರ್ದು ನಡೆಯುತ್ತಿತ್ತು. ಇವತ್ತಿಗೂ ವಿದ್ವಾಂಸರು ಅಕ್ಷರದ ಕೆಳಗೆ ಚುಕ್ಕೆ, ಮೇಲೆ ಗೆರೆ ಹಾಕಿ ರೋಮನ್‌ನಲ್ಲೇ ಹಿಂದಿಯನ್ನು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಆ ಚುಕ್ಕೆ ಗೆರೆಗಳನ್ನು ಕಲಿಯುವ ಹೊತ್ತಿಗೆ ದೇವನಾಗರಿಯನ್ನೇ ಕಲಿತು ಮುಗಿಸಬಹುದು! ಫೋನಿನಲ್ಲಿ ಸುಮ್ನೆ ಟೈಪ್ ಮಾಡುವ ರೋಮನ್‌ನಲ್ಲಿ ಅವು ಯಾವುವೂ ಇರಲ್ಲ. ಹಿಂದಿ ಬಲ್ಲವರಿಗೆ ಅದು ಸಾಕು. ಕಲಿಯುವವರಿಗೆ ಸಾಲದು.

ಹಾಗಾಗಿ ನನ್ನ ಹತ್ತಿರ ಬರುವವರಿಗೆ ಮೊದಲ ಎರಡು ವಾರ ಲಿಪಿ ಮತ್ತು ಬಾಯಿ, ಇವೆರಡೇ. ಮೊದಲ ದಿನ ಹಳೆ ನ್ಯೂಸ್‌ಪೇಪರಿನಿಂದ ಎರಡು ಬೆರಳಗಲದ ಚೂರು ಹರಿದು ಕೊಡುತ್ತೇನೆ. ಅದನ್ನು ಬಾಯಿಯ ಮುಂದೆ ಹಿಡಿದು ಇಂಗ್ಲಿಷಿನ "ಪಿನ್" ಅನ್ನಿ ಅಂತೀನಿ. ಕಾಗದ ಹಾರುತ್ತೆ. ಈಗ "ಸ್ಪಿನ್" ಅನ್ನಿ. ಕಾಗದ ಅಲ್ಲಾಡುವುದಿಲ್ಲ. ಅವರ ಮುಖದಲ್ಲಿ ಆಗ ಕಾಣುವ ಬೆರಗನ್ನು ನೋಡುವುದೇ ನನಗೊಂದು ಖುಷಿ. ಹುಟ್ಟಿದಾಗಿನಿಂದ ಅವರು ಎರಡು ಬೇರೆ ಬೇರೆ ಪಕಾರ ಹೇಳುತ್ತಿದ್ದಾರೆ, ಒಂದು ಉಸಿರು ಇರುವುದು, ಇನ್ನೊಂದು ಇಲ್ಲದ್ದು. ಇಂಗ್ಲಿಷಿನಲ್ಲಿ ಅದರಿಂದ ಅರ್ಥ ಬದಲಾಗಲ್ಲ. ಆದ್ದರಿಂದ ಗಮನಿಸಿಯೇ ಇಲ್ಲ. ಹಿಂದಿಯಲ್ಲಿ ಅದರಿಂದಲೇ ಅರ್ಥ ಬದಲಾಗುತ್ತೆ. "ಸ್ಪಿನ್" ಅನ್ನುವಾಗಿನ ಪಕಾರವೇ ಹಿಂದಿಯ ಪ. "ಪಿನ್" ಅನ್ನುವಾಗಿನದು ಫಕ್ಕೆ ಹತ್ತಿರ.

ಭ, ಘ, ಧ ಇನ್ನೂ ಕಷ್ಟ. ಅದಕ್ಕೆ "ಕ್ಲಬ್‌ಹೌಸ್" ಅಂತ ಹತ್ತು ಸಲ ಬೇಗ ಬೇಗ ಹೇಳಿಸಿ, ಆಮೇಲೆ ಮೊದಲ ಅರ್ಧ ನುಂಗಿಸಿದರೆ ಭ ಸಿಗುತ್ತೆ. "ಡಾಗ್‌ಹೌಸ್"ನಿಂದ ಘ. ಇನ್ನು ತ ಮತ್ತು ಟ. ಇಂಗ್ಲಿಷಿನವರ ನಾಲಿಗೆ ಹಲ್ಲಿಗೂ ತಾಗಲ್ಲ, ಅಂಗುಳಕ್ಕೂ ಮಡಚಲ್ಲ, ನಡುವೆ ಒಸಡಿನ ಏಣಿನ ಮೇಲೆ ನಿಲ್ಲುತ್ತೆ. ಅಲ್ಲಿಂದ ಒಮ್ಮೆ ಮುಂದೆ ಹಲ್ಲಿಗೆ, ಒಮ್ಮೆ ಹಿಂದೆ ಮೇಲಕ್ಕೆ. ದಿನಕ್ಕೆ ಕಾಲು ಗಂಟೆ, ಒಂದು ವಾರ. ಕನ್ನಡಿ ಮುಂದೆ ಮಾಡಿದರೆ ಇನ್ನೂ ಒಳ್ಳೆಯದು.

ಇದಾದ ಮೇಲೆ ಅಕ್ಷರಮಾಲೆ ತೋರಿಸುತ್ತೇನೆ. ಕ ಖ ಗ ಘ ಗಂಟಲಿನ ಹತ್ತಿರ. ಚ ಛ ಅಂಗುಳ. ಟ ಠ ಮಡಚಿದ ನಾಲಿಗೆ. ತ ಥ ಹಲ್ಲು. ಪ ಫ ತುಟಿ. ಒಳಗಿನಿಂದ ಹೊರಕ್ಕೆ ಒಂದೊಂದೇ ಹೆಜ್ಜೆ. ಅಡ್ಡ ಸಾಲಿನಲ್ಲಿ ಮೊದಲು ಉಸಿರಿಲ್ಲದ್ದು, ಆಮೇಲೆ ಉಸಿರಿರುವುದು. ನಾವು ಒಂದನೇ ಕ್ಲಾಸಿನಲ್ಲಿ ಕೂಗಿ ಕೂಗಿ ಬಾಯಿಪಾಠ ಮಾಡಿದ್ದು ಬಾಯಿಯ ನಕ್ಷೆ! ಎ ಬಿ ಸಿ ಡಿ ಕಲಿತವರಿಗೆ ಅಕ್ಷರಗಳ ಸಾಲಿಗೆ ಹೀಗೊಂದು ಕಾರಣ ಇರಬಹುದು ಅಂತ ಅನಿಸಿಯೇ ಇರುವುದಿಲ್ಲ. ಇದು ಅರ್ಥವಾದವರು ಲಿಪಿಯನ್ನು ಮತ್ತೆ ಹೊರೆ ಅನ್ನುವುದಿಲ್ಲ.

ಬರೆಯುವುದರಲ್ಲಿ ಎಡವುವ ಜಾಗ ಕೆಲವೇ. ಘ ಮತ್ತು ಧ ಅವಳಿ ತರ ಕಾಣುತ್ತವೆ. ಮ ಮತ್ತು ಭ ಕೂಡ. ತಲೆಯ ಮೇಲಿನ ಗೆರೆ ನೋಡಿ ಅಂತೀನಿ. ಧ, ಭ ಎರಡಕ್ಕೂ ಅದು ಪೂರ್ತಿ ಇರಲ್ಲ, ಸ್ವಲ್ಪ ಬಿಟ್ಟಿರುತ್ತೆ. "ಕಿ" ಬರೆಯುವಾಗ ಇಕಾರದ ಗುರುತು ಅಕ್ಷರಕ್ಕಿಂತ ಮೊದಲು, ಎಡಗಡೆ ಬರುತ್ತೆ. ಬರೆದದ್ದನ್ನೆಲ್ಲ ಓದಬಾರದು ಅನ್ನುವುದೂ ಇದೆ: ನ, ಮ, ಕ ಅಂತ ಬರೆದು "ನಮಕ್" ಅನ್ನಬೇಕು. ಇದು ಅವರಿಗಿಂತ ಜಾಸ್ತಿ ನಮ್ಮ ಕಡೆಯವರಿಗೆ ಕಷ್ಟ, ನಾವು ಕೊನೆಯ ಅಕಾರ ಬಿಡುವವರಲ್ಲವಲ್ಲ.

ಲಿಪಿ ಬಂತು. ಈಗ ವಾಕ್ಯ. ಕನ್ನಡ ನನಗೆ ನೆರವಾದದ್ದು ಇಲ್ಲಿ.

ಇಂಗ್ಲಿಷಿನವರು ಎಲ್ಲ ವಾಕ್ಯವನ್ನೂ "ನಾನು" ಅಂತ ಶುರು ಮಾಡುತ್ತಾರೆ. ಹಸಿದಿರುವವರು ನಾನು, ಚಹಾ ಇಷ್ಟಪಡುವವರು ನಾನು, ಹಣ ಇಟ್ಟುಕೊಂಡವರು ನಾನು. ಹಿಂದಿ ಹಾಗೆ ಹೇಳಲ್ಲ. ಮುಝೇ ಭೂಖ್ ಲಗೀ ಹೈ. ಮುಝೇ ಚಾಯ್ ಪಸಂದ್ ಹೈ. ಮುಝೇ ಹಿಂದೀ ನಹೀಂ ಆತೀ. ಮೇರೇ ಪಾಸ್ ಪೈಸೇ ನಹೀಂ ಹೈಂ. ಇದನ್ನು ಕನ್ನಡದಲ್ಲಿ ಹೇಳಿ ನೋಡಿ: ನನಗೆ ಹಸಿವಾಗಿದೆ. ನನಗೆ ಚಹಾ ಇಷ್ಟ. ನನಗೆ ಹಿಂದಿ ಬರಲ್ಲ. ನನ್ನ ಹತ್ತಿರ ದುಡ್ಡಿಲ್ಲ. ಪದಕ್ಕೆ ಪದ ಕೂರುತ್ತೆ. ಹಿಂದಿ ಒಂದು ಕುಲದ ಭಾಷೆ, ಕನ್ನಡ ಇನ್ನೊಂದು ಕುಲದ್ದು. ಆದರೂ ಅಕ್ಕಪಕ್ಕ ಬಾಳಿ ಬಾಳಿ ನಡಿಗೆ ಒಂದಾಗಿದೆ. ಕ್ರಿಯಾಪದ ಕೊನೆಗೆ, "ಮೇಲೆ" "ಒಳಗೆ" ಅನ್ನುವುದು ಹೆಸರಿನ ಆಚೆ. "ಮೇಜ್ ಪರ್" ಅಂದರೆ "ಮೇಜಿನ ಮೇಲೆ".

ಆದ್ದರಿಂದ ನಾನು ಮೊದಲ ಒಂದು ತಿಂಗಳು "ಮೈಂ" (ನಾನು) ಅನ್ನುವ ಮಾತನ್ನೇ ಕೊಡಲ್ಲ. "ಮುಝೇ"ಯಿಂದಲೇ ಶುರು. ಮುಝೇ ಪಾನೀ ಚಾಹಿಯೇ, ಮುಝೇ ಪತಾ ನಹೀಂ, ಮುಝೇ ಜಾನಾ ಹೈ. ನೀರು ಬೇಕು, ಗೊತ್ತಿಲ್ಲ, ಹೋಗಬೇಕು. ಹೊಸ ಊರಲ್ಲಿ ಮೊದಲ ವಾರ ಬೇಕಾಗುವುದು ಇವೇ ಅಲ್ವಾ? ಹೊರದೇಶದಲ್ಲಿ ಬೆಳೆದ ನಮ್ಮ ಕನ್ನಡದ ಮಕ್ಕಳಿಗೆ ಇದು ಬಹಳ ಬೇಗ ಹತ್ತುತ್ತೆ. ಕನ್ನಡ ಮಾತಾಡದಿದ್ದರೂ "ನಂಗೆ ಬೇಕು", "ನಂಗೆ ಗೊತ್ತಿಲ್ಲ" ಅನ್ನುವುದು ಮನೆಯಲ್ಲಿ ಕಿವಿಗೆ ಬಿದ್ದಿರುತ್ತಲ್ಲ. ಅದನ್ನೇ ಹಿಡಿದುಕೊಳ್ಳಿ ಅಂತೀನಿ. ಹಿಂದಿ ಕಲಿಯೋಕೆ ಬಂದ ಹುಡುಗಿಯೊಬ್ಬಳು ಅಜ್ಜಿಗೆ ಫೋನ್ ಮಾಡಿ ಕನ್ನಡದ ವಾಕ್ಯ ಕೇಳಿ ಬರೆದುಕೊಂಡದ್ದೂ ಉಂಟು. ಆ ಪುಟದ ಫೋಟೋ ನನ್ನ ಹತ್ತಿರ ಇನ್ನೂ ಇದೆ.

ಮರ್ಯಾದೆಯ ಮಾತೂ ಹೀಗೆಯೇ. ಇಂಗ್ಲಿಷಿನವರು ಪ್ರತಿ ವಾಕ್ಯಕ್ಕೂ "ಪ್ಲೀಸ್"ಗೆ ಹಿಂದಿ ಪದ ಹುಡುಕುತ್ತಾರೆ. ಡಿಕ್ಷನರಿ "ಕೃಪಯಾ" ಅಂತ ಕೊಡುತ್ತೆ. ಅದು ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಮಾತು. ಅಂಗಡಿಯಲ್ಲಿ ಯಾರೂ ಹಾಗನ್ನಲ್ಲ. "ಥೋಡಾ ಪಾನೀ ದೀಜಿಯೇ" ಅಂದರೆ ಮರ್ಯಾದೆ ಕ್ರಿಯಾಪದದಲ್ಲೇ ಬಂತು. ನಾವು "ಸ್ವಲ್ಪ ನೀರು ಕೊಡಿ" ಅನ್ನುವ ಹಾಗೆ. ನೀನು, ನೀವು ಅನ್ನೋಕೆ ಹಿಂದಿಯಲ್ಲಿರುವ ತೂ, ತುಮ್, ಆಪ್ ಮೂರರಲ್ಲಿ ಮೊದಲ ಆರು ತಿಂಗಳು "ಆಪ್" ಒಂದೇ ಸಾಕು. ಮಕ್ಕಳಿಗೂ "ಆಪ್" ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಲಿಂಗದ ವಿಷಯದಲ್ಲಿ ಮಾತ್ರ ಕನ್ನಡ ನೆರವಿಗೆ ಬರಲ್ಲ. ನಮಗೆ ಕುರ್ಚಿ, ಪುಸ್ತಕ ಎಲ್ಲ "ಅದು". ಹಿಂದಿಯಲ್ಲಿ ಕಿತಾಬ್ ಹೆಣ್ಣು, ಕಮ್ರಾ ಗಂಡು, ಚಾಯ್ ಹೆಣ್ಣು, ದೂಧ್ ಗಂಡು. ಈಕಾರದಲ್ಲಿ ಮುಗಿದರೆ ಹೆಣ್ಣು ಅಂತ ನಿಯಮ ಹೇಳಿದ ಕೂಡಲೇ ಪಾನೀ ಎದುರಿಗೆ ಬರುತ್ತೆ, ಗಂಡಾಗಿ. ಪಟ್ಟಿ ಬಾಯಿಪಾಠ ಮಾಡಿದರೆ ಪ್ರಯೋಜನ ಇಲ್ಲ. ಪ್ರತಿ ಹೆಸರನ್ನೂ "ನನ್ನ" ಅನ್ನುವ "ಮೇರಾ" (ಗಂಡಿಗೆ), "ಮೇರೀ" (ಹೆಣ್ಣಿಗೆ) ಸೇರಿಸಿಯೇ ಕಲಿಯಿರಿ. ಮೇರೀ ಚಾಯ್. ಮೇರಾ ದೂಧ್. ಬರೀ "ಚಾಯ್" ಅಂತ ಬರೆಯಬೇಡಿ. ತಪ್ಪಾದರೂ ಪರವಾಗಿಲ್ಲ. ಭೋಜಪುರಿ ಮನೆಮಾತಿನ ನಮ್ಮ ಬೀದಿಯವರೇ ಎಷ್ಟೋ ಸಲ ಗಂಡನ್ನು ಹೆಣ್ಣು ಮಾಡುತ್ತಾರೆ, ಮಾತು ನಿಲ್ಲುವುದಿಲ್ಲ.

ಅಂಕಿ ನೂರರವರೆಗೂ ಬೇಡ. ಉನ್ತೀಸ್ (29), ಉನ್ತಾಲೀಸ್ (39), ಉನ್‌ಚಾಸ್ (49) ಅಂತ ಅವು ಒಂದೊಂದೂ ಒಂದೊಂದು ತರ. ಇಪ್ಪತ್ತರವರೆಗೆ, ಆಮೇಲೆ ಹತ್ತು ಹತ್ತರ ಲೆಕ್ಕ, ಜೊತೆಗೆ ಡೇಢ್, ಢಾಯೀ. ಡೇಢ್ ಸೌ ಅಂದರೆ ನೂರೈವತ್ತು, ಢಾಯೀ ಸೌ ಅಂದರೆ ಇನ್ನೂರೈವತ್ತು. ಪೇಟೆಗೆ ಇಷ್ಟು ಸಾಕು.

ಮೂರು ತಿಂಗಳಲ್ಲಿ ಎಷ್ಟು ಬರುತ್ತೆ ಅಂತಲೂ ಕೇಳುತ್ತಾರೆ. ದಿನಕ್ಕೆ ಒಂದು ಗಂಟೆ ಕೂತರೆ ತರಕಾರಿ ತರಬಹುದು, ಟಿಕೆಟ್ ಕೊಳ್ಳಬಹುದು, ಪಕ್ಕದ ಮನೆಯವರ ಮಕ್ಕಳೆಷ್ಟು ಅಂತ ವಿಚಾರಿಸಬಹುದು, ಬೋರ್ಡು ಓದಬಹುದು. ಟಿವಿ ನ್ಯೂಸ್ ಅರ್ಥವಾಗಲ್ಲ. ನಾಲ್ಕು ಜನ ಸೇರಿ ಮಾತಾಡುವಾಗ ಅರ್ಧ ತಪ್ಪಿಹೋಗುತ್ತೆ. ಕ್ಲಾಸಿನಲ್ಲೇ ಕೂತು ಗಟ್ಟಿಯಾಗಿ ಕಲಿಯಬೇಕು ಅನ್ನುವವರಿಗೆ ಮಸೂರಿಯಲ್ಲಿ ಲಂಡೌರ್ ಭಾಷಾ ಶಾಲೆ ಇದೆ, ಆಗ್ರಾದಲ್ಲಿ ಕೇಂದ್ರೀಯ ಹಿಂದಿ ಸಂಸ್ಥಾನ ಇದೆ.

ಇನ್ನೊಂದು ಮಾತು, ಕನ್ನಡದವರಿಗಾಗಿಯೇ. ಯಾರ ಮೇಲೂ ಯಾವ ಭಾಷೆಯನ್ನೂ ಹೇರಬಾರದು, ಹಿಂದಿಯನ್ನೂ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಹಿಂದಿ ಕಲಿಸಿ ಅಂತ ಬಂದವರಿಗೆ ನಾನು ಕನ್ನಡ ಕಲಿಯಿರಿ ಅಂತಲೇ ಹೇಳಿ ಕಳಿಸಿದ್ದೇನೆ. ಲಖನೌಗೆ ಹೋಗುವವಳು ಹಿಂದಿ ಕಲಿಯಲಿ. ಇರುವ ಊರಿನ ಮಾತು ಕಲಿಯಬೇಕು ಅನ್ನುವವಳು ನಾನು. ಇಲ್ಲಿ ಗೋದೌಲಿಯಾ ಹತ್ತಿರದ ಜಂಗಮವಾಡಿ ಮಠಕ್ಕೆ ಕರ್ನಾಟಕದಿಂದ ಬರುವ ಭಕ್ತರು ಹೊರಗೆ ಕಾಲಿಟ್ಟ ಕೂಡಲೇ ಹಿಂದಿಗೆ ತಡಕಾಡುವುದನ್ನು ನೋಡಿದ್ದೇನೆ. ಅಲ್ಲಿಯ ಅಂಗಡಿಯವರಲ್ಲಿ ಕೆಲವರು ಅವರಿಗಾಗಿ "ಎಷ್ಟು", "ಬನ್ನಿ" ಕಲಿತದ್ದನ್ನೂ ಕೇಳಿದ್ದೇನೆ.

ಅಕ್ಕನ ಸ್ನೇಹಿತೆಗೆ ಉತ್ತರ ಇಷ್ಟು: ಸೊಸೆಯನ್ನು ನವೆಂಬರ್ ಆದ ಮೇಲೆ ಕಳಿಸಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಗಂಗೆ ತುಂಬಿ ಘಾಟಿನ ಮೆಟ್ಟಿಲೆಲ್ಲ ಮುಳುಗಿರುತ್ತೆ, ಓಡಾಡಿ ಮಾತು ಕಲಿಯೋಕೆ ಆಗಲ್ಲ. ಪುಸ್ತಕ ಏನೂ ತರುವುದು ಬೇಡ. ಒಂದು ಪೆನ್ಸಿಲು, ಒಂದು ಗೆರೆ ಹಾಕಿದ ನೋಟ್‌ಬುಕ್ಕು. ನ್ಯೂಸ್‌ಪೇಪರ್ ಚೂರು ನಾನು ಹರಿದು ಇಟ್ಟಿರುತ್ತೇನೆ.