ಹೊಗೆ ಡ್ರಮ್ಮು ಬರೆಯದ ಅರ್ಧ

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬೆಂದರೆ ಮೊದಲು ನೆನಪಾಗುವುದು ಸೀಮೆಎಣ್ಣೆ ಹೊಗೆ. ಸ್ನಾಯು ಕುಗ್ಗುವುದನ್ನು ಸೂಜಿಯಿಂದ ಗೆರೆಯಾಗಿ ಬರೆಯುವ ಯಂತ್ರ ಕೈಮೋಗ್ರಾಫ್; ಅದರ ತಿರುಗುವ ಡ್ರಮ್ಮಿಗೆ ನುಣುಪು ಕಾಗದ ಸುತ್ತಿ ಮಸಿ ಹಿಡಿಸಬೇಕಿತ್ತು. ಮಸಿ ದಪ್ಪವಾದರೆ ಸೂಜಿ ತಡೆಯುತ್ತದೆ, ಗೆರೆ ಗಿಡ್ಡಾಗುತ್ತದೆ. ತೆಳುವಾದರೆ ಗೆರೆಯೇ ಕಾಣದು. ಕಪ್ಪೆಯ ಮೀನಖಂಡಕ್ಕೆ ರಿಂಗರ್ ದ್ರಾವಣ (ಸ್ನಾಯುವನ್ನು ಜೀವಂತವಾಗಿಡುವ ಲವಣದ ನೀರು) ಹನಿಸುತ್ತ, 10 ಗ್ರಾಂನಿಂದ ತೂಕ ಏರಿಸುತ್ತ, ಒಂದೊಂದೇ ಶಾಕ್ ಕೊಡುವುದು. ನಡುವೆ ಅರ್ಧ ನಿಮಿಷ ಬಿಡದಿದ್ದರೆ ಸ್ನಾಯುವಿನ ದಣಿವನ್ನೇ ತೂಕದ ಪರಿಣಾಮವೆಂದು ರೆಕಾರ್ಡ್ ಬುಕ್ಕಿಗೆ ಏರಿಸಿದಂತಾಗುತ್ತಿತ್ತು. ಸ್ನಾಯು ಎಳೆಯುವ, ತುದಿಯಲ್ಲಿ ಸೂಜಿಯಿರುವ ಸನ್ನೆಕಡ್ಡಿಯ, ಅಂದರೆ ಲಿವರಿನ, ಲೆಕ್ಕ ಮರೆಯುವವರೂ ಬಹಳ: ಆಧಾರದಿಂದ ಸ್ನಾಯು 2 ಸೆಂ.ಮೀ., ಸೂಜಿಯ ತುದಿ 12 ಸೆಂ.ಮೀ. ದೂರವಿದ್ದರೆ, 18 ಮಿ.ಮೀ. ಗೆರೆ ಎಂದರೆ ಸ್ನಾಯು ಕುಗ್ಗಿದ್ದು ಬರೀ 3 ಮಿ.ಮೀ.

ತೂಕ ಏರಿದಂತೆ ಗೆರೆ ಇಳಿಯುತ್ತ ಬಂದು, ಕೊನೆಗೆ ಲಿವರ್ ಅಲುಗುವುದೇ ನಿಲ್ಲುತ್ತಿತ್ತು. ಪ್ರಯೋಗ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಿಜವಾದ ಸ್ವಾರಸ್ಯ ಶುರುವಾಗುವುದೇ ಅಲ್ಲಿಂದ. ಕುಗ್ಗಲೆಂದು ಎಳೆಯುತ್ತಿರುವ ಸ್ನಾಯುವನ್ನು ಅದಕ್ಕೂ ಹೆಚ್ಚಿನ ಭಾರ ಜಗ್ಗಿ ಉದ್ದ ಮಾಡಿದರೆ, ನಿಂತಲ್ಲೇ ಹಿಡಿಯಬಲ್ಲ ಗರಿಷ್ಠ ಬಲಕ್ಕಿಂತ ಜಾಸ್ತಿ ಬಲದಿಂದ ಅದು ತಡೆಯುತ್ತದೆ. ಬಿಡಿಸಿಟ್ಟ ಸ್ನಾಯುವಿನಲ್ಲಿ ಇದು ಒಂದೂವರೆ ಪಟ್ಟನ್ನೂ ದಾಟಬಹುದು. ನಮ್ಮ ಕೈಕಾಲಿನಲ್ಲಿ ಅಷ್ಟು ಸಿಗದು, ನರಗಳೇ ಲಗಾಮು ಹಿಡಿಯುತ್ತವೆ. ಕುಗ್ಗುವಿಕೆಯ ವೇಗಕ್ಕೂ ಬಲಕ್ಕೂ ಇರುವ ನಂಟಿಗೆ ಶರೀರಶಾಸ್ತ್ರಜ್ಞ ಎ. ವಿ. ಹಿಲ್ 1938ರಲ್ಲಿ ಸಮೀಕರಣ ಕೊಟ್ಟರು. ಹಿಗ್ಗುವ ಸ್ನಾಯು ಆ ಸಮೀಕರಣಕ್ಕೆ ಒಗ್ಗುವುದಿಲ್ಲ ಎಂಬುದು ಮರುವರ್ಷವೇ ಬರ್ನಾರ್ಡ್ ಕಾಟ್ಜ್ ಕೆಲಸದಿಂದ ಗೊತ್ತಾಯಿತು.

ಕಾರಣ ತಿಳಿಯಲು ಬಾವಿಕಟ್ಟೆ ಸಾಕು. ಕೊಡ ಸೇದುವಾಗ ಹಗ್ಗದ ಮೇಲೆ ಕೈ ಬದಲಿಸುತ್ತಲೇ ಇರಬೇಕು. ಬೇಗ ಸೇದಿದಷ್ಟೂ ಕೈ ಹಗ್ಗ ಬಿಟ್ಟಿರುವ ಹೊತ್ತೇ ಹೆಚ್ಚು. ಸ್ನಾಯುವಿನೊಳಗೆ ಪಕ್ಕದ ಎಳೆಯನ್ನು ಹಿಡಿದು ಜಗ್ಗುವ ಮಯೋಸಿನ್ ಪ್ರೋಟೀನಿನ ತಲೆಗಳ ಪಾಡೂ ಅದೇ. ಸ್ನಾಯು ಹಿಗ್ಗುವಾಗ ಹಿಡಿದ ತಲೆಗಳು ಸ್ಪ್ರಿಂಗಿನಂತೆ ಇನ್ನಷ್ಟು ಬಿಗಿಯುತ್ತವೆ, ಜೀವಕೋಶದ ಇಂಧನವಾದ ಎಟಿಪಿ ಖರ್ಚಿಲ್ಲದೆಯೇ ಕಿತ್ತುಬಂದು ಮತ್ತೆ ಹಿಡಿಯುತ್ತವೆ. ಟೈಟಿನ್ ಎಂಬ ಪ್ರೋಟೀನಿನ ಬಿಗುವೂ ಜೊತೆಗೂಡುತ್ತದೆ. 1952ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಮಾಡಿ ಒಂದೇ ಚೈನಿಗೆ ಸಿಕ್ಕಿಸಿದರು. ಒಬ್ಬರು ತುಳಿಯುವುದು, ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯುವುದು. ಬಲ ಇಬ್ಬರದೂ ಒಂದೇ, ಆದರೆ ತಡೆಯುವವರಿಗೆ ಬೇಕಾದ ಆಮ್ಲಜನಕ ತೀರಾ ಕಡಿಮೆ.

ಮನೆಯಲ್ಲೇ ನೋಡಬೇಕೆಂದರೆ ಕುರ್ಚಿ ಸಾಕು. ಒಂಟಿ ಕಾಲಲ್ಲಿ ಏಳಲಾಗದ ಎಷ್ಟೋ ಜನ ಅದೇ ಕಾಲಲ್ಲಿ ನಿಧಾನವಾಗಿ ಕೂರಬಲ್ಲರು.

ಹಾಗಾದರೆ ಕೊಡಚಾದ್ರಿ ಹತ್ತುವಾಗ ಏದುಸಿರು, ತೊಡೆ ಹಿಡಿದುಕೊಳ್ಳುವುದು ಮಾತ್ರ ಇಳಿದ ಮೇಲೆ, ಯಾಕೆ? ಇಳಿಯುವಾಗ ಅದೇ ಭಾರಕ್ಕೆ ಕಡಿಮೆ ಎಳೆಗಳು ದುಡಿಯುತ್ತವೆ, ಒಂದೊಂದು ಎಳೆಯ ಮೇಲೂ ಹೊರೆ ಹೆಚ್ಚು, ಒಳಗೆ ಸೂಕ್ಷ್ಮವಾಗಿ ಹರಿಯುತ್ತವೆ. ನೋವು ಜೋರಾಗುವುದು 24ರಿಂದ 72 ಗಂಟೆಯೊಳಗೆ. ಲ್ಯಾಕ್ಟಿಕ್ ಆಮ್ಲದ ಮೇಲೆ ತಪ್ಪು ಹೊರಿಸುವುದು ಇನ್ನೂ ನಿಂತಿಲ್ಲ; ಅದು ಒಂದೆರಡು ಗಂಟೆಯಲ್ಲೇ ರಕ್ತದಿಂದ ಕರಗಿ ಹೋಗಿರುತ್ತದೆ.

ಟೂರಿಗೆ ಹೊರಡುವ ಕಿರಿಯರು ಒಂದು ವಾರ ಮೊದಲೇ ಯಾವುದಾದರೂ ಗುಡ್ಡ ಹತ್ತಿ 10-15 ನಿಮಿಷ ಇಳಿದಿರಲಿ. ಒಮ್ಮೆ ನೊಂದ ಸ್ನಾಯು ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಕವಲೇದುರ್ಗದ ಕಲ್ಲುಮೆಟ್ಟಿಲಲ್ಲಿ ದಾಪುಗಾಲು ಬೇಡ. ದೊಣ್ಣೆಯನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ, ಆಮೇಲೆ ಕಾಲಿಡಿ.